ಡೈಪರ್ ಒತ್ತೆ ಪ್ರಕರಣ

ಆಗಸ್ಟ್ 12, ಮಂಗಳವಾರ, ಬೆಳಿಗ್ಗೆ 8.40. ಬ್ರಂತಾಸ್ ಹೊಳೆದಂಡೆಯ ಠಾಣೆಗೆ ಹಳ್ಳಿಯ ಮುಖ್ಯಸ್ಥ ಪಾಕ್ ಹರ್ಯಾದಿ ಬಂದು ಇನ್‌ಸ್ಪೆಕ್ಟರ್ ಪಾಲುಪಿಯ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ಸೇತುವೆಯ ಕಂಬದ ಹಲಗೆಗೆ ಅಂಟಿಸಿದ್ದನ್ನು ಹಲಗೆ ಚೂರಿನ ಸಮೇತ ಕಿತ್ತು ತಂದಿದ್ದರು.

"ನೀವು ಹೊಳೆಗೆ ಎಸೆದ ಡೈಪರ್‌ಗಳು ನನ್ನ ವಶದಲ್ಲಿವೆ. ಶುಕ್ರವಾರ ಸಂಜೆ ನಾಲ್ಕರೊಳಗೆ ಸೇತುವೆ ಬಳಿ ಕಸದ ತೊಟ್ಟಿ ಇಡದಿದ್ದರೆ ಎಲ್ಲವನ್ನೂ ಸುಡುತ್ತೇನೆ."

ಡೈಪರ್ ಸುಟ್ಟರೆ ಅದನ್ನು ತೊಟ್ಟ ಕೂಸಿನ ಕುಂಡಿಯಲ್ಲಿ ಬೊಬ್ಬೆ ಏಳುತ್ತದೆಂದು ಆ ದಂಡೆಯವರೆಲ್ಲರ ನಂಬಿಕೆ. ಅದಕ್ಕೇ ಎಲ್ಲರೂ ನೀರಿಗೆ ಎಸೆಯುತ್ತಿದ್ದರು. ಪಾಲುಪಿಯ ಎಂಟು ತಿಂಗಳ ಮಗಳದ್ದನ್ನು ಕೂಸಿನ ಅಜ್ಜಿ ಎಸೆಯುತ್ತಿದ್ದಳು. ಪಾಲುಪಿ ಓದಿದವಳು, ಇದನ್ನೆಲ್ಲ ನಂಬುತ್ತಿರಲಿಲ್ಲ. ಆದರೂ ಚೀಟಿ ಓದಿದ ಮೇಲೆ ಮನೆಗೆ ಎರಡು ಸಲ ಫೋನ್ ಮಾಡಿದಳು.

"ಎಫ್‌ಐಆರ್ ಹಾಕಿ, ಬು," ಎಂದರು ಹರ್ಯಾದಿ. ಆ ಕಡೆ ಹೆಂಗಸರನ್ನು ಗೌರವದಿಂದ ಬು ಎಂದೂ ಗಂಡಸರನ್ನು ಪಾಕ್ ಎಂದೂ ಕರೆಯುತ್ತಾರೆ.

"ದೂರು ಕೊಡೋರು ಯಾರು?"

"ಇಡೀ ಊರೇ ಇದೆಯಲ್ಲ."

"ಊರು ಸಹಿ ಹಾಕಲ್ಲ, ಪಾಕ್. ಡೈಪರ್ ನಂದು, ಹೊಳೆಗೆ ನಾನೇ ಎಸೆದೆ ಅಂತ ಒಬ್ರು ಬರ್ಕೊಡ್ಬೇಕು."

"ಎಸೆದ್ರೆ ದಂಡ ಅಲ್ವಾ?"

"ಹೌದು."

ಹರ್ಯಾದಿ ಟೋಪಿ ಸರಿಮಾಡಿಕೊಂಡರು.

"ಹೋಗ್ಲಿ, ಒಂದು ತೊಟ್ಟಿ ಇಟ್ಬಿಡಿ," ಎಂದಳು ಪಾಲುಪಿ.

"ಸೇತುವೆ ಆಚೆ ಹಳ್ಳಿಯವರದ್ದು."

ಆಚೆ ಹಳ್ಳಿಯ ಮುಖ್ಯಸ್ಥರು 10.15ಕ್ಕೆ ಫೋನಿನಲ್ಲಿ, ಸೇತುವೆ ಈಚೆಯವರದ್ದು ಎಂದರು.

ಬುಧವಾರ ಪಾಲುಪಿ ಮತ್ತು ಕಾನ್ಸ್‌ಟೇಬಲ್ ತುಕಿರಾನ್ ಮೂವತ್ತೊಂದು ಮನೆ ಸುತ್ತಿದರು. ಎಲ್ಲ ಮನೆಯಲ್ಲೂ ಕೂಸಿತ್ತು, ಎಸೆದವರು ಮಾತ್ರ ಯಾರೂ ಇರಲಿಲ್ಲ.

"ಪುಣ್ಯವಂತ ಕೂಸುಗಳು, ಬು. ಈ ಊರಲ್ಲಿ ಯಾವೂ ಉಚ್ಚೆ ಹುಯ್ಯಲ್ಲ," ಎಂದ ತುಕಿರಾನ್.

ಗುರುವಾರ ಅವನು ಚೀಟಿಯನ್ನು ನೆನೆಸಿ ಹಲಗೆಯಿಂದ ಬಿಡಿಸಿದ. ಹಿಂಬದಿಯಲ್ಲಿ ಕೂಸುಗಳ ತೂಕ ಗುರುತಿಸುವ ನಕ್ಷೆ ಅಚ್ಚಾಗಿತ್ತು. ಅಂಥ ಹಾಳೆ ಇರುವುದು ಸೂಲಗಿತ್ತಿ ನರ್ಸ್ ಬು ಮುರ್ತಿನಿಯ ಬಳಿ ಮಾತ್ರ. ಪಾಲುಪಿಯನ್ನೂ ಅವಳ ಮಗಳನ್ನೂ ಈ ಲೋಕಕ್ಕೆ ತಂದ ಕೈ ಅದು.

ಶುಕ್ರವಾರ ಮಧ್ಯಾಹ್ನ 2.10ಕ್ಕೆ ಮುರ್ತಿನಿಯ ಕೊಟ್ಟಿಗೆ ತೆರೆಸಿದರು. ಪಂಚನಾಮೆಗೆ ಒಂದು ಗಂಟೆ ಹಿಡಿಯಿತು: ಹತ್ತೊಂಬತ್ತು ಚೀಲ, ಬಳಸಿದ ಡೈಪರ್ 412. ಪಂಚರಿಬ್ಬರೂ ಬಾಗಿಲ ಹೊರಗೇ ನಿಂತು ಸಹಿ ಮಾಡಿದರು.

"ನೀವೇ ಹೆರಿಗೆ ಮಾಡ್ಸಿದ ಕೂಸುಗಳು. ಅವಕ್ಕೇ ಬೊಬ್ಬೆ ಬರಿಸೋಕೆ ಹೊರಟ್ರಾ?" ಎಂದಳು ಪಾಲುಪಿ.

"ಬೊಬ್ಬೆ ಆಗ್ಲೇ ಬಂದಿದೆ ಮಗೂ. ವಾರಕ್ಕೆ ಏಳೆಂಟು ಕೂಸು ತರ್ತಾರೆ. ಎಲ್ಲಿ ಮೀಯಿಸ್ತೀರಿ ಅಂದ್ರೆ ಹೊಳೇಲಿ ಅಂತಾರೆ."

"ಸುಟ್ರೆ ಬರತ್ತೆ ಅಂತ ನೀವೂ ನಂಬ್ತೀರಾ?"

"ಸುಳ್ಳು ಅಂತ ಹದಿನೈದು ವರ್ಷ ಹೇಳ್ದೆ, ಒಬ್ರೂ ಕಿವಿಗೆ ಹಾಕ್ಕೊಳ್ಲಿಲ್ಲ. ನಿಜ ಅನ್ನೋ ಹಾಗೆ ಒಂದ್ಸಲ ಬರ್ದೆ ನೋಡು, ಠಾಣೆವರೆಗೂ ಓಡಿದ್ರು."

3.25ಕ್ಕೆ ಬಂಧನವಾಯಿತು. ಹೊರಗೆ ಹೆಂಗಸರು ನೆರೆದಿದ್ದರು. ಚೀಲಗಳನ್ನು ಸುಡುವ ಹಾಗಿಲ್ಲ ಎಂದು ಹಟ.

"ಠಾಣೇಲಿ ಜೋಪಾನವಾಗಿ ಇಟ್ಕೊಳ್ಳಿ," ಎಂದರು ಹರ್ಯಾದಿ.

"ಎಷ್ಟು ದಿನ?"

"ಮಕ್ಕಳು ದೊಡ್ಡವರಾಗೋ ತನಕ."

ನಾಲ್ಕು ಹೊಡೆಯಿತು. ತೊಟ್ಟಿ ಬರಲಿಲ್ಲ. ದೂರುದಾರರಿಲ್ಲದ ಪ್ರಕರಣವನ್ನು ಸಂಜೆಯೊಳಗೆ ಮುಚ್ಚಬೇಕಿತ್ತು. ಮುರ್ತಿನಿಯನ್ನು ಬಿಟ್ಟುಬಿಡುವೆನೆಂದು ಪಾಲುಪಿ ಹೇಳಿದಾಗ ಆಕೆ ಕುರ್ಚಿಯಿಂದ ಏಳಲಿಲ್ಲ.

"ಬೇಡ, ಕೇಸು ಹಾಕು. ಕೋರ್ಟಲ್ಲಾದ್ರೂ ಒಬ್ರು ಹೊಳೆ ವಿಷಯ ಬರ್ಕೋತಾರೆ."

ಪಾಲುಪಿ ದೂರಿನ ನಮೂನೆಯನ್ನು ಮುಂದಕ್ಕೆ ಎಳೆದುಕೊಂಡಳು. ದೂರುದಾರರ ಜಾಗದಲ್ಲಿ ತನ್ನ ಹೆಸರು ಬರೆದಳು. ವಸ್ತು ಕಳೆದುಕೊಂಡ ಬಗೆ ಎಂಬಲ್ಲಿ, "ನಮ್ಮ ಮನೆಯವರೇ ಹೊಳೆಗೆ ಎಸೆದದ್ದು, ನಾನು ನೋಡಿ ಸುಮ್ಮನಿದ್ದೆ" ಎಂದು ಬರೆದು ಸಹಿ ಹಾಕಿದಳು. ಆರೋಪಿಯ ಉದ್ದೇಶ ಎಂಬಲ್ಲಿ ಒಂದೇ ಸಾಲು: "ಮೊದಲು ಒಳ್ಳೆಯ ಮಾತಿನಲ್ಲಿ ಹೇಳಿ ನೋಡಿದ್ದರು."