ಎಲ್ಲರ ಕೈ ಕುಲುಕಿ ಬಂದವನು

ಕೆಲಸ ಬಿಡುವ ವಿಷಯವನ್ನು ಅವನು ವಾಚ್‌ಮನ್‌ಗೆ ಹೇಳಿದ್ದ, ಟೈಪಿಸ್ಟ್ ಅಕ್ಕನಿಗೆ ಹೇಳಿದ್ದ. ಇಷ್ಟು ವರ್ಷ ಎದುರು ಮೇಜಿನಲ್ಲಿ ಕೂತ ನನಗೆ ಮಾತ್ರ ಹೇಳಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ನಮ್ಮದು ನಿಘಂಟಿನ ಕಚೇರಿ. ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಬರೆಯುವ ಮೊದಲು ಅದನ್ನು ಮಾಡಿ ತೋರಿಸಬೇಕು. ಇದು ನಾವಿಬ್ಬರೇ ಹಾಕಿಕೊಂಡ ನಿಯಮ. ಅವನು ಮಾಡುವುದು, ನಾನು ಬರೆಯುವುದು. 'ಸ್ನೀಜ್' ಬಂದ ದಿನ ಮೆಣಸಿನ ಪುಡಿ ಮೂಸಿ ಮಧ್ಯಾಹ್ನವೆಲ್ಲ ಸೀನಿದ್ದ. ಅವತ್ತೇ ನಾನು ಮನಸೋತೆ, ಹಾಳಾದವನಿಗೆ.

ಅವನ ಕೊನೆಯ ದಿನ ಬಂದ ಪದ 'ಶೇಕ್'.

ಔಷಧದ ಬಾಟಲಿ ಹಿಡಿದು ಆಡಿಸಿದ. 'ಕುಲುಕು' ಎಂದು ಬರೆದೆ. ಡಸ್ಟರ್ ಝಾಡಿಸಿದ, ಧೂಳೆಲ್ಲ ನನ್ನ ಮೂಗಿಗೆ. 'ಕೊಡವು' ಎಂದು ಬರೆದೆ. ಮೇಜು ಹಿಡಿದು 'ಅಲ್ಲಾಡಿಸು' ತೋರಿಸಿದ. ಲೋಟದ ನೀರು ಚೆಲ್ಲಿತು.

"ನಿಧಾನ ಕಣೋ! ನಾಳೆಯಿಂದ ಈ ಮೇಜು ನಿಂದಲ್ಲ ಅಂತಾನಾ?"

ಅವನ ಮುಖ ಸಣ್ಣಗಾಯಿತು. "ಗೊತ್ತಾಯ್ತಾ?"

"ಊರಿಗೆಲ್ಲ ಗೊತ್ತು. ನಾನೇನು ಲೆಕ್ಕಕ್ಕಿಲ್ವಾ?"

ಅವನು ಕೈ ಚಾಚಿದ. "ಹ್ಯಾಂಡ್‌ಶೇಕ್ ಬಾಕಿ ಇದೆ."

ಬೆಳಿಗ್ಗೆಯಿಂದ ಕಂಡಕಂಡವರ ಕೈ ಕುಲುಕಿ ಬಂದವನು! ಆ ಸಾಲಿನ ಕೊನೆಗೆ ನಾನು! ಸಿಟ್ಟು ನೆತ್ತಿಗೇರಿತು.

"ಬೇಕಾದ್ರೆ ವಾಚ್‌ಮನ್ ಕೈ ಇನ್ನೊಂದ್ಸಲ ಕುಲುಕು, ಹೋಗು."

"ನಿಂಗೆ ಹೇಳೋಕೆ ಭಯ ಆಯ್ತು ಕಣೇ. ಗಂಡ ಹೆಂಡತಿ ಇಬ್ರೂ ಇಲ್ಲಿ ಕೆಲಸ ಮಾಡೋ ಹಾಗಿಲ್ಲ ಅಂತ ರೂಲ್ ಇದೆಯಲ್ಲಾ... ಅದಕ್ಕೇ ಬಿಟ್ಟೆ."

ಪೆನ್ನು ಮೇಜಿಗೆ ಕುಕ್ಕಿದೆ. ಆಮೇಲೆ ಶುರುವಾಯಿತು ನೋಡಿ ನನ್ನ ಬೈಗುಳ!

"ಅಯ್ಯೋ ಪುಣ್ಯಾತ್ಮ! ನನ್ನ ಒಂದು ಮಾತು ಕೇಳದೇ ರಾಜೀನಾಮೆನಾ? ನಾನು ಒಲ್ಲೆ ಅಂದ್ರೆ?"

"ಬೇರೆ ಕಡೆ ಕೆಲಸ ನೋಡ್ಕೊಂಡಿದೀನಿ. ಒಲ್ಲೆ ಅಂದ್ರೆ ದಿನಾ ನಿನ್ನ ಮುಖ ನೋಡೋದಾದ್ರೂ ತಪ್ಪುತ್ತೆ ಅಂತ."

"ಎಷ್ಟು ಕೊಬ್ಬು ನಿಂಗೆ! ನಾನು ಬಿಡ್ತಿದ್ದೆನೋ ಏನೋ, ಕೇಳಿದ್ಯಾ?"

"ನೀನು ಈ ಕೆಲಸ ಬಿಟ್ರೆ ಬದುಕ್ತೀಯಾ?"

ಅದು ನಿಜ. ನಿಜವಾದ್ದರಿಂದಲೇ ಇನ್ನಷ್ಟು ರೇಗಿತು, ಕಣ್ಣೂ ತುಂಬಿತು. ಚಾಚಿದ ಕೈ ಇನ್ನೂ ಹಾಗೇ ಇತ್ತು. ಹಿಡಿದೆ. ಸಣ್ಣಗೆ ನಡುಗುತ್ತಿತ್ತು. 'ಶೇಕ್'ನ ಈ ಅರ್ಥವನ್ನು ಮಾತ್ರ ಅವನು ಬೇಕೆಂದು ಮಾಡಿ ತೋರಿಸಿದ್ದಲ್ಲ.

"ಹೂಂ ಅಂತೀಯಾ?" ಎಂದ, ಕೇಳಿಸಿಯೂ ಕೇಳಿಸದ ಹಾಗೆ.

"ಅಂತೀನಿ. ಮೊದಲು ಬೈದು ಮುಗಿಸ್ತೀನಿ, ಕೂತ್ಕೋ."

ಕೂತ. ಸಂಜೆಯವರೆಗೂ ಬೈದೆ. ಕೈ ಮಾತ್ರ ಬಿಡಲಿಲ್ಲ.