ಬಾಯಿ ಬಿಟ್ಟ ಮೇಷ್ಟ್ರು

"ಈಗ ನೋಡಿ ಸರ್..."

ಹೊಸ ಕನ್ನಡಕದ ಹಿಂದೆ ಅವನ ಕಣ್ಣುಗಳು ಅರಳಿದವು. ನೋಟ ನೇರ ಅವಳ ಮುಖದ ಮೇಲೆ ಬಿತ್ತು. ತೆರೆದ ಬಾಯಿ ಮುಚ್ಚಲೇ ಇಲ್ಲ!

ಅಣ್ಣನ ಕನ್ನಡಕದಂಗಡಿಯ ಪೇಜಿಗೆಂದು ಅವಳು ವಿಡಿಯೋ ಮಾಡುತ್ತಿದ್ದಳು. ಹಾಕಲೇ ಎಂದು ಕೇಳಿದ್ದಕ್ಕೆ ಅವನು ನಾಚುತ್ತಲೇ ಒಪ್ಪಿದ. ಆದರೆ ಅದರ ಮೇಲೆ ಅವಳೊಂದು ಸಾಲು ಬರೆದಳು: 'ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನಾನು!'

ಅವನು ಗಣಿತದ ಮೇಷ್ಟ್ರು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ವಾರದೊಳಗೆ ಆ ಮುಖ ಎಲ್ಲರ ಫೋನಿನಲ್ಲೂ ಸ್ಟಿಕ್ಕರ್ ಆಯಿತು. ಅವನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿದರೆ ಸಾಕು, ಇಡೀ ಕ್ಲಾಸು ಬಾಯಿ ತೆರೆದು ಕೂರುತ್ತಿತ್ತು.

ಒಂದು ಸಂಜೆ ಅವನು ಬಂದು ಕನ್ನಡಕವನ್ನು ಕೌಂಟರಿನ ಮೇಲಿಟ್ಟ.

"ಇದನ್ನ ಹಾಕಿದ್ರೆ ತಾನೇ ಗುರುತು ಸಿಗೋದು? ನೀವೇ ಇಟ್ಕೊಳ್ಳಿ. ಆ ಸಾಲು ಬರೆದಿದ್ದು ಯಾರು?"

ಒಳಗೆ ಲೆನ್ಸ್ ಉಜ್ಜುತ್ತಿದ್ದ ಅವಳ ಕೈ ನಿಂತಿತು. 'ಹೊರಗೆ ಹೋಗು... ನಾನೇ ಅನ್ನು...' ಆದರೂ ಬಾಗಿಲ ಮರೆಗೇ ಸರಿದಳು.

"ನಾನೇ ಮೇಷ್ಟ್ರೇ, ತಪ್ಪಾಯ್ತು," ಎಂದ ಅಣ್ಣ.

ಅವನು ಹೋದ ಮೇಲೆ ಅವಳು ಅತ್ತಳು. "ಸುಳ್ಳು ಯಾಕೆ ಹೇಳಿದೆ ಅಣ್ಣಾ?"

"ಜಗಳ ಆಡೋವಾಗ್ಲೂ ಅವನ ಕಣ್ಣು ನಿನ್ನನ್ನೇ ಹುಡುಕ್ತಿತ್ತು ಕಣೇ. ಅವನ ಮುಂದೆ ನೀನು ತಲೆ ತಗ್ಗಿಸೋದು ಬೇಡ ಅನ್ನಿಸ್ತು."

ಅವಳು ಆ ರಾತ್ರಿಯೇ ಪೇಜು ತೆರೆದಳು. ಆ ವಿಡಿಯೋ ಅಳಿಸಿದಳು. ಮರುದಿನ ಕನ್ನಡಕ ಹಿಡಿದು ಶಾಲೆಯ ಗೇಟಿನ ಬಳಿ ನಿಂತಳು.

"ಬರೆದಿದ್ದು ನಾನು ಸರ್. ನಿನ್ನೆ ಒಳಗೇ ಇದ್ದೆ. ಹೊರಗೆ ಬರೋ ಧೈರ್ಯ ಆಗ್ಲಿಲ್ಲ..."

ಅವನ ಮುಖ ಬಾಡಿತು.

"ಊರು ನಕ್ಕಿದ್ದು ಹಾಗಿರ್ಲಿ. ನಿಮಗೂ ಅದು ತಮಾಷೆ ಅನ್ನಿಸ್ತಾ? ಕಣ್ಣು ಟೆಸ್ಟ್ ಮಾಡಿದಾಗ ನಿಮ್ಮ ದನಿ ಮಾತ್ರ ಕೇಳಿದ್ದೆ. ಮುಖ ಸ್ಪಷ್ಟವಾಗಿ ಕಂಡಿದ್ದು ಅವತ್ತು ಕನ್ನಡಕ ಹಾಕಿದ ಮೇಲೇ. ಬಾಯಿ ಮುಚ್ಚೋದೇ ಮರೆತುಹೋಯ್ತು."

ಅವಳ ಕಣ್ಣಲ್ಲಿ ನೀರು ಬಂತು. ಅಯ್ಯೋ... ನನಗಾಗಿ ಅರಳಿದ ಮುಖವನ್ನೇ ಊರ ನಗೆಗೆ ಎಸೆದೆನಲ್ಲ!

"ಕ್ಲಾಸಿಗೆ ಬಂದು ಮಕ್ಕಳಿಗೆ ನಾನೇ ಹೇಳ್ತೀನಿ."

"ಏನಂತ? ಮೇಷ್ಟ್ರು ನನ್ನ ನೋಡಿ ಬಾಯಿ ಬಿಟ್ರು ಅಂತಾನಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ತಕ್ಷಣ ನಾಚಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನಗಿ, ಪರವಾಗಿಲ್ಲ. ಆದ್ರೆ ನನ್ನ ಕೋಪ ಇನ್ನೂ ಹೋಗಿಲ್ಲ."

"ಯಾವಾಗ ಹೋಗುತ್ತೆ?"

"ಗೊತ್ತಿಲ್ಲ... ನಾಳೆ ಬಂದು ಕೇಳಿ."

"ನಾಳೆನೂ ಹೋಗ್ದೇ ಇದ್ರೆ?"

"ನಾಡಿದ್ದೂ ಬನ್ನಿ."