ಕೊನೆಯ ಬೆಂಚಿನ ಹಿಂದೆ

ಟಾಸ್ಮೇನಿಯಾದ ನಮ್ಮೂರ ಚರ್ಚಿನಲ್ಲಿ ವರ್ಷಕ್ಕೊಮ್ಮೆ, ಹಿಂದಿನ ಕಾಲದಲ್ಲಿ ಇಲ್ಲಿಗೆ ಗಡೀಪಾರಾಗಿ ಬಂದ ಕೈದಿಗಳ ಹೆಸರು ಕೂಗುತ್ತಾರೆ. ಆ ಮನೆತನದ ಹಿರಿಯರು "ಇದ್ದೇನೆ" ಅನ್ನಬೇಕು. ಯಾರೂ ಅನ್ನದಿದ್ದರೆ ಆ ಹೆಸರನ್ನು ಅಂಗಳದ ಕಲ್ಲಿನಲ್ಲಿ ಕೆತ್ತುವುದಿಲ್ಲ.

ನನ್ನ ಮುತ್ತಜ್ಜನ ಅಜ್ಜ ಜೋಬ್ ಪೆಂಗೆಲಿ ಸಿಪಾಯಿಯಾಗಿದ್ದ. ಜೊತೆಗಾರನ ಬೆನ್ನಿಗೆ ಬಾರಿಸೆಂದು ಕೊಟ್ಟ ಚಾಟಿಯನ್ನು ಅಧಿಕಾರಿಯ ಕಾಲಬಳಿ ಎಸೆದು ಕೈದಿಯಾದ. ಇಲ್ಲಿಗೆ ಬಂದು, ಇದೇ ಚರ್ಚಿಗೆ ಇಟ್ಟಿಗೆ ಸುಟ್ಟ. ಇದನ್ನೆಲ್ಲ ಹುಡುಕಿ ತೆಗೆದವಳು ನಾನು. ಆದರೆ ಮನೆತನದ ಹಿರಿಯಳಾಗಿ ಉತ್ತರ ಕೊಡಬೇಕಾದವಳು ಅಪ್ಪನ ಅಕ್ಕ ಎಡ್ನಾ ಅತ್ತೆ.

"ಕೈದಿ ವಂಶ ಅಂತ ಊರಿಗೆಲ್ಲ ಡಂಗುರ ಹೊಡೀಬೇಕೇನೇ?" ಎಂದು ಆ ದಿನ ಕೊನೆಯ ಬೆಂಚಿನಲ್ಲಿ ಕೂತು ಅತ್ತೆ ಗೊಣಗಿದಳು.

"ಚಾಟಿ ಎಸೆದವನ ವಂಶ, ಅತ್ತೆ."

"ಅಬ್ಬಾ, ಮಾತೇ ಆಡದ ಈ ಮೂಗಿ ಹುಡುಗಿಗೂ ಬಾಯಿ ಬಂತು!"

ಪಾದ್ರಿ "ಜೋಬ್ ಪೆಂಗೆಲಿ" ಎಂದರು. ಅತ್ತೆ ತುಟಿ ಬಿಗಿದಳು. ನಾನು ಅವಳ ಮೊಣಕೈ ತಿವಿದೆ. ಪಾದ್ರಿ ಮತ್ತೊಮ್ಮೆ ಕೂಗಿದರು.

ಇಲ್ಲಿ ಜೂನ್ ಎಂದರೆ ಚಳಿಗಾಲ. ಆ ಚಳಿಯಲ್ಲೂ ನನ್ನ ಬೆನ್ನಿಗೆ ಇಟ್ಟಿಗೆಗೂಡಿನ ಬಿಸಿ ಬಡಿಯಿತು. ಹಸಿ ಜೇಡಿಮಣ್ಣಿನ ವಾಸನೆ ಬಂತು. ಬೂಟಿನ ಹಿಮ್ಮಡಿಗಳು ಫಟ್ಟನೆ ಕೂಡಿದವು.

"ಇದ್ದೇನೆ," ಎಂದಿತು ನಮ್ಮ ಬೆನ್ನ ಹಿಂದಿನಿಂದ ಗಂಡಸಿನ ದನಿ.

ಎಲ್ಲರೂ ನಮ್ಮತ್ತ ತಿರುಗಿದರು. ಅತ್ತೆ ಮುಂದಿನ ಬೆಂಚು ಹಿಡಿದು ಎದ್ದು, ಬೆನ್ನು ನೆಟ್ಟಗೆ ಮಾಡಿ, "ಅವನು ನಮ್ಮವನು," ಎಂದಳು.

ನಮ್ಮ ಬೆಂಚಿನ ಹಿಂದೆ, ಅದಕ್ಕೆ ತಾಗಿಯೇ ಗೋಡೆಯಿದೆ. ನಡುವೆ ಮನುಷ್ಯ ನಿಲ್ಲುವಷ್ಟು ಜಾಗವಿಲ್ಲ.

ಮನೆಗೆ ಬಂದಾಗ ಅತ್ತೆಯ ಕಪ್ಪು ಕೋಟಿನ ಹೆಗಲಲ್ಲಿ ಜೇಡಿಮಣ್ಣಿನ ಬೆರಳುಗಳ ಗುರುತಿತ್ತು. ಅದನ್ನು ಒರೆಸಲು ಅವಳು ಬಿಡಲಿಲ್ಲ. ಈಗಲೂ ಪ್ರತಿ ಭಾನುವಾರ ಅದೇ ಕೋಟು ತೊಟ್ಟು ಚರ್ಚಿಗೆ ಬರುತ್ತಾಳೆ.